ಇಇಜಿ ಒಂದರಿಂದಲೇ ಬ್ರೈನ್ ಡೆಡ್ ಅಂತ ಗೊತ್ತಾಗುತ್ತದಾ?

ಐಸಿಯುನಲ್ಲಿರುವ ನಿಮ್ಮ ಮಾವನವರ ಬೆರಳು ಅಲ್ಲಾಡಿದ್ದನ್ನು ಕಣ್ಣಾರೆ ನೋಡಿದ್ದೀರಿ, ಡಾಕ್ಟರು ಮಾತ್ರ ಬ್ರೈನ್ ಡೆಡ್, ಅಂದರೆ ಮೆದುಳು ಮತ್ತೆ ಚೇತರಿಸದ ಹಾಗೆ ನಿಂತುಹೋಗಿದೆ ಅನ್ನುತ್ತಿದ್ದಾರೆ, ಒಂದು ಇಇಜಿ (ಮೆದುಳಿನ ವಿದ್ಯುತ್ ಅಲೆಗಳನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ಮಾಡಿದರೆ ಸತ್ಯ ಗೊತ್ತಾಗಲ್ವಾ ಅಂತ ಕೇಳಿದ್ದೀರಿ. ನಾನು ಇಇಜಿ ಟೆಕ್ನಿಷಿಯನ್. ಇಂಥ ಹಾಸಿಗೆಗಳ ಪಕ್ಕ ತುಂಬಾ ಸಲ ನಿಂತಿದ್ದೇನೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಮೊದಲು ಬೆರಳು. ಬೆನ್ನುಹುರಿ ಮಾತ್ರ ಕೆಲಸ ಮಾಡುತ್ತಿದ್ದರೂ ಬೆರಳು ಅಲ್ಲಾಡುತ್ತದೆ, ಕೆಲವರಲ್ಲಿ ಕೈಯೇ ಎದ್ದು ಎದೆ ಮೇಲೆ ಬರುತ್ತದೆ. ನೋಡಿದವರಿಗೆ ಜೀವ ಝಲ್ಲೆನ್ನುತ್ತದೆ. ಆದರೆ ಅದಕ್ಕೆ ಮೆದುಳು ಬೇಕಿಲ್ಲ.

ಇನ್ನು ಇಇಜಿ. ತಲೆಗೆ ಕನಿಷ್ಠ 8 ಎಲೆಕ್ಟ್ರೋಡ್ ಅಂಟಿಸಿ, 2 ಮೈಕ್ರೋವೋಲ್ಟಿನ ಅಲೆಯೂ ಕಾಣುವ ಹಾಗೆ ಮಷೀನು ಇಟ್ಟು, 30 ನಿಮಿಷ ರೆಕಾರ್ಡ್ ಮಾಡುತ್ತೇವೆ. ನಡುವೆ ಕಿವಿ ಹತ್ತಿರ ಜೋರಾಗಿ ಹೆಸರು ಹಿಡಿದು ಕೂಗುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಕಣ್ಣಿಗೆ ಬೆಳಕು ಬಿಡುತ್ತೇವೆ, ಉಗುರು ಒತ್ತುತ್ತೇವೆ. ಗೆರೆ ಕದಲುತ್ತದಾ ಅಂತ ನೋಡುತ್ತೇವೆ. ತೊಂದರೆ ಏನೆಂದರೆ, ಅಷ್ಟು ಸೂಕ್ಷ್ಮಕ್ಕೆ ಇಟ್ಟಾಗ ವೆಂಟಿಲೇಟರ್, ಡ್ರಿಪ್ ಪಂಪು, ಹೃದಯದ ಬಡಿತ ಎಲ್ಲಾ ಗೆರೆಯಲ್ಲಿ ಬಂದು ಕೂರುತ್ತವೆ. ಮತ್ತೊಂದು ಕಡೆ ಮಂಪರು ಬರಿಸುವ ಔಷಧಿ ಜಾಸ್ತಿಯಿದ್ದರೆ ಅಥವಾ ಮೈ ತೀರಾ ತಣ್ಣಗಾಗಿದ್ದರೆ ಬದುಕಿರುವ ಮೆದುಳಿನ ಗೆರೆಯೂ ಸಪಾಟಾಗಬಹುದು.

ಎಸ್‌ಎಸ್‌ಇಪಿ ಅಂತ ಇನ್ನೊಂದು ಪರೀಕ್ಷೆಯಿದೆ, ಕೈಯ ನರಕ್ಕೆ ಕೊಟ್ಟ ಸಂಕೇತ ಮೆದುಳಿನವರೆಗೆ ತಲುಪುತ್ತದಾ ಅಂತ ನೋಡುವುದು. ಅದಕ್ಕೆ ಔಷಧಿಯ ಕಾಟ ಕಡಿಮೆ. ಮಣಿಕಟ್ಟಿನ ನರಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಹೆಬ್ಬೆರಳು ಟಕ್ ಟಕ್ ಅಂತ ಕುಣಿಯುತ್ತದೆ. ಅದರ ಅಲೆ ಸುಮಾರು 9 ಮಿಲಿಸೆಕೆಂಡಿಗೆ ಭುಜದ ಹತ್ತಿರ, 13ಕ್ಕೆ ಕತ್ತಿನಲ್ಲಿ, 20ಕ್ಕೆ ಮೆದುಳಿನ ಮೇಲ್ಪದರದಲ್ಲಿ ಕಾಣಬೇಕು. ಭುಜದಲ್ಲಿ ಅಲೆ ಬಂದರೆ ನಾವು ಕೊಟ್ಟ ಕರೆಂಟ್ ಒಳಗೆ ಹೋಗಿದೆ ಅಂತ ಖಾತ್ರಿ. ಆಮೇಲೂ ತಲೆಯಲ್ಲಿ ಎರಡೂ ಕಡೆ ಏನೂ ಇಲ್ಲದಿದ್ದರೆ ಆ ಸೊನ್ನೆಗೆ ಬೆಲೆಯಿದೆ. ಹಾಗಂತ ಆ 20ರ ಅಲೆ ಆಳವಾದ ಕೋಮಾದಲ್ಲೂ ಮಾಯವಾಗಬಹುದು, ಅದೊಂದನ್ನೇ ಹಿಡಿದು ತೀರ್ಮಾನ ಮಾಡುವಂತಿಲ್ಲ.

ಅದಕ್ಕೇ ಬ್ರೈನ್ ಡೆಡ್ ಅಂತ ಘೋಷಿಸುವ ನಿಯಮ ಇರುವ ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಇಇಜಿ ಕಡ್ಡಾಯವಲ್ಲ. 4 ಡಾಕ್ಟರುಗಳ ತಂಡ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ, ಮೆದುಳಿನ ಕಾಂಡವನ್ನು (ಉಸಿರಾಟ ನಡೆಸುವ, ಮೆದುಳಿನ ಬುಡದ ಭಾಗ) ಪರೀಕ್ಷೆ ಮಾಡಬೇಕು: ಕಣ್ಣುಪಾಪೆ, ಕೆಮ್ಮು, ಕಿವಿಗೆ ಐಸ್ ನೀರು, ಕೊನೆಗೆ ಆಪ್ನಿಯಾ ಟೆಸ್ಟ್. ಆಕ್ಸಿಜನ್ ಮಾತ್ರ ಕೊಟ್ಟು ವೆಂಟಿಲೇಟರ್ ಬಿಚ್ಚುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ 60 ಎಂಎಂಎಚ್‌ಜಿ ದಾಟಿದರೂ ಎದೆ ಒಮ್ಮೆಯೂ ಏಳುತ್ತಿಲ್ಲವಾ ಅಂತ ನೋಡುತ್ತಾರೆ.

ನೀವು ಸಂಕೋಚ ಪಡಬೇಡಿ. ಮಂಪರಿನ ಔಷಧಿ ಯಾವಾಗ ನಿಲ್ಲಿಸಿದಿರಿ, ಆಪ್ನಿಯಾ ಟೆಸ್ಟ್ ಎರಡು ಸಲವೂ ಎಷ್ಟು ಗಂಟೆಗೆ ಆಯಿತು ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಬೆರಳಿನ ವಿಷಯವನ್ನೂ ಅವರಿಗೆ ಹೇಳಿ.