ಎಡಗಡೆ ಬಿದ್ದ ಹೂವು

ಕಳೆದ ಮಳೆಗಾಲದಲ್ಲಿ ಡಯಾಲಿಸಿಸ್ ಘಟಕದ ಶುಶ್ರೂಷಕಿಯೊಬ್ಬರು 47 ವರ್ಷದ ಗೃಹಿಣಿಯೊಬ್ಬರನ್ನು ನನ್ನ ಆಪ್ತಸಲಹೆಯ ಕೊಠಡಿಗೆ ಕರೆತಂದರು. ಗುರುತು ಸಿಗದಿರಲೆಂದು ಅವರ ವಯಸ್ಸನ್ನೂ ಕುಟುಂಬದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಆಕೆಯ ಪತಿ ತೆಂಗಿನ ತೋಟದ ರೈತರು. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದರಿಂದ ವಾರಕ್ಕೆ ಮೂರು ಬಾರಿ, ಪ್ರತಿ ಸಲ ನಾಲ್ಕು ಗಂಟೆ, ಕುತ್ತಿಗೆಗೆ ಹಾಕಿದ ತಾತ್ಕಾಲಿಕ ನಳಿಕೆಯ ಮೂಲಕ ಡಯಾಲಿಸಿಸ್ ನಡೆಯುತ್ತಿತ್ತು. ನಳಿಕೆಯಿಂದ ರಕ್ತಕ್ಕೆ ಸೋಂಕು ತಗಲುವ ಅಪಾಯ ಹೆಚ್ಚಾದ್ದರಿಂದ, ತೋಳಿನ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸುವ ಫಿಸ್ಟುಲಾ ಶಸ್ತ್ರಚಿಕಿತ್ಸೆಗೆ ವೈದ್ಯರು ದಿನ ನಿಗದಿ ಮಾಡಿದ್ದರು. ಹಾಗೆ ಜೋಡಿಸಿದ ರಕ್ತನಾಳ ಬಲಿತು ಸೂಜಿಗೆ ಒದಗಲು ಹಲವು ವಾರ ಬೇಕಾಗುವುದರಿಂದ ತಡ ಮಾಡುವಂತಿರಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಆಕೆ ಮನೆದೇವರ ಗುಡಿಯಲ್ಲಿ ಪ್ರಸಾದ ಕೇಳಿದರು. ಹೂವು ಎಡಗಡೆಯಿಂದ ಬಿತ್ತು. ಎರಡು ಬಾರಿ ದಿನ ಮುಂದಕ್ಕೆ ಹೋಯಿತು. ನಡುವೆ ಪತಿಗೆ ಚಳಿಜ್ವರ ಬಂದು, ನಳಿಕೆಯ ಸೋಂಕೆಂದು ತಿಳಿದು, ಒಂಬತ್ತು ದಿನ ಆಸ್ಪತ್ರೆಯಲ್ಲಿರಬೇಕಾಯಿತು.

“ಹನ್ನೊಂದು ವರ್ಷದ ಹಿಂದೆ ಮಗನಿಗೆ ಜ್ವರ ಬಂದಾಗ ಧರ್ಮಸ್ಥಳಕ್ಕೆ ಹರಕೆ ಹೊತ್ತು ಮುಡಿಪು ಕಟ್ಟಿಟ್ಟೆ. ಇವತ್ತಿಗೂ ತೀರಿಸಿಲ್ಲ, ಅದಕ್ಕೇ ಈ ಶಿಕ್ಷೆ. ಈಗ ಮನೆದೇವರೂ ಬೇಡ ಅಂದಮೇಲೆ ನಾನು ಹೂಂ ಅಂದು, ಏನಾದರೂ ಆಗಿಬಿಟ್ಟರೆ ಆ ಪಾಪ ಯಾರದು?” ಎಂದು ಆಕೆ ಕೇಳಿದರು.

ಇಂಥ ಸಂದರ್ಭದಲ್ಲಿ ‘ಇದು ಮೂಢನಂಬಿಕೆ’ ಎಂದು ತಳ್ಳಿಹಾಕುವ ಸಲಹೆಗಾರರನ್ನೂ, ‘ಎಲ್ಲ ಅವನಿಚ್ಛೆ’ ಎಂದು ತಲೆಯಾಡಿಸಿ ಕಳಿಸುವವರನ್ನೂ ನಾನು ಕಂಡಿದ್ದೇನೆ. ಎರಡೂ ಆಕೆಯನ್ನು ಒಂಟಿಯಾಗಿಸುತ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಆಕೆಯ ಮಾತಿನ ಕೊನೆಯ ಎರಡು ಪದಗಳೇ ನನಗೆ ಮುಖ್ಯವಾಗಿ ಕೇಳಿಸಿದವು. ನಿರ್ಧಾರದ ಹೊರೆಯನ್ನು ಒಬ್ಬರೇ ಹೊರಲಾರದೆ ಆಕೆ ಅದನ್ನು ಒಂದು ಹೂವಿನ ಮೇಲೆ ಇಟ್ಟಿದ್ದರು. ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 1988ರಲ್ಲಿ, ಕಷ್ಟ ಬಂದಾಗ ಆಸ್ತಿಕರು ನಡೆದುಕೊಳ್ಳುವ ಮೂರು ಬಗೆಗಳನ್ನು ಗುರುತಿಸಿದ್ದರು: ಎಲ್ಲವನ್ನೂ ದೇವರಿಗೇ ಬಿಟ್ಟು ಕಾಯುವುದು, ದೇವರು ಕೊಟ್ಟ ಬುದ್ಧಿಬಲದಿಂದ ತಾವೇ ನಿಭಾಯಿಸುವುದು, ದೇವರ ಜೊತೆಗೂಡಿ ದುಡಿಯುವುದು. ಆಕೆ ಮೊದಲನೆಯದರಲ್ಲಿ ಸಿಲುಕಿದ್ದರು. ಮೂರನೆಯದರ ದಾರಿ ಆಕೆಯ ಬದುಕಿನಲ್ಲಿಯೇ ಇರಬಹುದೆಂದು ನನಗನ್ನಿಸಿತು.

ಆದ್ದರಿಂದ ಮೊದಲ ಭೇಟಿಯಲ್ಲಿ ಸಲಹೆಯನ್ನೇ ಕೊಡದೆ, ದೇವರು ತನ್ನ ಜೊತೆಗಿದ್ದಾನೆಂದು ಯಾವಾಗೆಲ್ಲ ಅನ್ನಿಸಿತ್ತೆಂದು ಕೇಳಿದೆ. ಕೊಳವೆಬಾವಿ ಬತ್ತಿದ ಬೇಸಿಗೆಯಲ್ಲಿ ಪಕ್ಕದ ತೋಟದವರು ರಾತ್ರಿ ಹೊತ್ತು ನೀರು ಬಿಟ್ಟದ್ದು, ಹೆರಿಗೆನೋವಿನ ನಡುರಾತ್ರಿ ಹಾಲಿನ ಗಾಡಿಯವನು ನಿಲ್ಲಿಸಿ ಹತ್ತಿಸಿಕೊಂಡದ್ದು, ಹೀಗೆ ಒಂದೊಂದಾಗಿ ಹೇಳುತ್ತ ಹೋದರು. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂದು ಅತ್ತೆ ಹೇಳುತ್ತಿದ್ದ ಮಾತೂ ಬಂತು. ಆ ಎರಡೂ ದಿನ ಆಕೆ ಸುಮ್ಮನೆ ಕುಳಿತಿರಲಿಲ್ಲ. ನೀರು ಕೇಳಲು ಹೋದವರೂ, ಗಾಡಿಗೆ ಕೈ ಅಡ್ಡ ಹಿಡಿದವರೂ ಆಕೆಯೇ. ಹಾಲಿನವನ ಗಾಡಿಯಲ್ಲಿದ್ದ ದೇವರು ಶಸ್ತ್ರಚಿಕಿತ್ಸಕರ ಕೈಯಲ್ಲಿ ಇರಲಾರನೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ನಾನೇ ಅವನನ್ನು ಗುಡಿಯೊಳಗೆ ಕೂರಿಸಿಬಿಟ್ಟಿದ್ದೆನೇನೋ” ಎಂದರು.

ಶಿಕ್ಷೆಯ ಭಾವನೆ ಅಷ್ಟು ಸುಲಭವಾಗಿ ಬಿಡಲಿಲ್ಲ. ನನ್ನ ಕೋರಿಕೆಯಂತೆ ವೈದ್ಯರು, ಹದಿನಾಲ್ಕು ವರ್ಷಗಳ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಸದ್ದಿಲ್ಲದೆ ಮೂತ್ರಪಿಂಡವನ್ನು ಸವೆಸುವ ಬಗೆಯನ್ನು ಆಕೆಗೆ ವಿವರಿಸಿದರು. ಇದರಿಂದ ಹಗುರವಾಗುವುದೆಂದು ನಾನು ಎಣಿಸಿದ್ದೆ. ಆದರೆ ಆಕೆ, “ಹಾಗಾದರೆ ಮಾತ್ರೆ ಸರಿಯಾಗಿ ಕೊಡದ ನಾನೇ ಕಾರಣ” ಎಂದು ಅತ್ತರು. ದೇವರ ಕೋಪವೆಂಬ ಭಾರ ಇಳಿದ ಜಾಗದಲ್ಲಿ ತನ್ನದೇ ತಪ್ಪೆಂಬ ಭಾರ ಬಂದು ಕುಳಿತಿತ್ತು. ಎರಡನೆಯ ಮತ್ತು ಮೂರನೆಯ ಭೇಟಿಗಳು ಪೂರ್ತಿ ಇದಕ್ಕೇ ಹೋದವು. ಮಾತ್ರೆ ತಪ್ಪಿದ ದಿನಗಳನ್ನು ಎಣಿಸುವ ಆಕೆಗೆ, ಮಾತ್ರೆ ತರಲು ಎಂಟು ಕಿಲೋಮೀಟರ್ ನಡೆದ ದಿನಗಳನ್ನೂ ಎಣಿಸುವಂತೆ ಹೇಳಿದೆ. ಮನೆದೇವರಲ್ಲಿ ಹರಕೆಯ ಲೆಕ್ಕ ಒಪ್ಪಿಸುವ ಬದಲು, ಒಮ್ಮೆ ಈ ದುಃಖವನ್ನೇ ಬಾಯಿಬಿಟ್ಟು ಹೇಳಿಕೊಳ್ಳುವಂತೆಯೂ ಹೇಳಿದೆ. ಹಾಗೆ ಮಾಡಿದ ಮೇಲೆ ಆಕೆಗೆ ರಾತ್ರಿ ನಿದ್ದೆ ಹತ್ತತೊಡಗಿತು. ನಡುರಾತ್ರಿ ಎದೆ ಹೊಡೆದುಕೊಂಡರೆ ಕರೆ ಮಾಡಲೆಂದು, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416ನ್ನು ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಸಾದ ಕೇಳುವುದನ್ನು ಬಿಡಿ ಎಂದು ನಾನು ಹೇಳಲಿಲ್ಲ. ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ವೈದ್ಯರಲ್ಲಿ ಕೇಳಿ, ಅದನ್ನು ತಾಳಿಕೊಳ್ಳುವ ಬಲವನ್ನು ದೇವರಲ್ಲಿ ಕೇಳಿ ಎಂದೆ. ಹರಕೆಯ ವಿಷಯವನ್ನು ಊರಿನ ಅರ್ಚಕರ ಮುಂದಿಡುವಂತೆ ಸೂಚಿಸಿದೆ, ಏಕೆಂದರೆ ಆ ಭಯಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಮುಡಿಪು ದೇವರ ಮುಂದೆಯೇ ಇರಲಿ, ಯಜಮಾನರು ಚೇತರಿಸಿಕೊಂಡ ಮೇಲೆ ಹೋಗಿಬನ್ನಿ, ದೇವರಿಗೆ ಅವಸರವಿಲ್ಲ ಎಂದು ಆ ಹಿರಿಯರು ಹೇಳಿದರಂತೆ. ನನ್ನ ನಾಲ್ಕು ಭೇಟಿಗಳಿಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತೆಂದು ನನ್ನ ನಂಬಿಕೆ.

ಫಿಸ್ಟುಲಾ ಶಸ್ತ್ರಚಿಕಿತ್ಸೆ ನಡೆಯಿತು. ಡಯಾಲಿಸಿಸ್ ಇಂದಿಗೂ ಮುಂದುವರಿದಿದೆ. ಆದರೆ ದೇವರಿದ್ದಿದ್ದರೆ ಅಪ್ಪನಿಗೆ ಹೀಗಾಗುತ್ತಿತ್ತೇ ಎಂದು ಪದವಿ ಓದುತ್ತಿರುವ ಮಗ ಮನೆಯಲ್ಲಿ ಸಿಡುಕುತ್ತಿದ್ದಾನೆ, ದೀಪ ಹಚ್ಚುವುದನ್ನು ಬಿಟ್ಟಿದ್ದಾನೆ. ಅವನನ್ನು ಒತ್ತಾಯಿಸಬೇಡಿ, ದೇವರ ಮೇಲೆ ಕೋಪಿಸಿಕೊಳ್ಳುವವನು ಅವನೊಂದಿಗೆ ಮಾತು ಬಿಟ್ಟವನಲ್ಲ ಎಂದು ಆಕೆಗೆ ಹೇಳಿದೆ. ಮುಂದಿನ ಮಂಗಳವಾರ, ತಂದೆಯ ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆಯ ಹೊತ್ತಿನಲ್ಲಿ, ಅವನೇ ನನ್ನನ್ನು ಕಾಣಲು ಬರುವುದಾಗಿ ಹೇಳಿಕಳಿಸಿದ್ದಾನೆ.