ನಾಯಿಯ ಪಾಲಿಸಿ ಬಂದ್ ಆಗ್ತಿದೆ, ಈಗೇನು ಮಾಡೋದು?

ಪ್ರಶ್ನೆ: ಮೇಡಂ, ನಮಸ್ಕಾರ. ನಾವಿರುವುದು ಗೋರೆಗಾಂವ್‌ನಲ್ಲಿ, ಊರು ಕುಂದಾಪುರದ ಹತ್ತಿರ. ಮನೆಯಲ್ಲಿ ಒಂದು ಲ್ಯಾಬ್ರಡಾರ್ ಇದೆ. ಹೆಸರು ಬ್ರೂನೋ, ಈಗ ಎಂಟು ವರ್ಷ. ಮರಿ ಇದ್ದಾಗಿನಿಂದಲೂ ಒಂದೇ ಕಂಪನಿಯಲ್ಲಿ ವಿಮೆ ಮಾಡಿಸುತ್ತಾ ಬಂದಿದ್ದೇವೆ. ಹೋದ ವರ್ಷ ಎಕ್ಸ್‌ರೇ ತೆಗೆಸಿದಾಗ ಸೊಂಟದ ಕೀಲು ಸವೆದಿದೆ ಅಂತ ಗೊತ್ತಾಯಿತು. ಆ ಕ್ಲೇಮ್ ತಕರಾರಿಲ್ಲದೆ ಬಂತು. ಈಗ ಅದೇ ಕಂಪನಿಯಿಂದ ಮೇಲ್ ಬಂದಿದೆ: ಸಾಕುಪ್ರಾಣಿ ವಿಮೆಯನ್ನು ನಿಲ್ಲಿಸುತ್ತಿದ್ದೇವೆ, ಫೆಬ್ರವರಿಯಲ್ಲಿ ನಿಮ್ಮ ಪಾಲಿಸಿ ಮುಗಿದ ಮೇಲೆ ರಿನ್ಯೂವಲ್ ಇಲ್ಲ. ಬೇರೆ ಕಡೆ ವಿಚಾರಿಸಿದರೆ ಒಬ್ಬರು ವಯಸ್ಸಾಯಿತು ಅಂತಾರೆ, ಇನ್ನೊಬ್ಬರು ಸೊಂಟ ಬಿಟ್ಟು ಉಳಿದದ್ದಕ್ಕೆ ಕೊಡ್ತೇವೆ ಅಂತಾರೆ. ಇಷ್ಟು ವರ್ಷ ಕಟ್ಟಿದ್ದೆಲ್ಲ ನೀರಿಗೆ ಹೋಯಿತಾ? ನಮ್ಮ ಯಜಮಾನರು ಈಗಲೇ ರದ್ದು ಮಾಡಿಸಿ ಉಳಿದ ದುಡ್ಡು ವಾಪಸ್ ತಗೊಳ್ಳೋಣ ಅನ್ನುತ್ತಿದ್ದಾರೆ. ಸರಿಯಾ?
— ಗೋರೆಗಾಂವ್‌ನ ಓದುಗರು

ಉತ್ತರ: ಮೊದಲು ಯಜಮಾನರನ್ನು ತಡೆಯಿರಿ. ರದ್ದು ಮಾಡಿಸಬೇಡಿ. ಫೆಬ್ರವರಿವರೆಗೆ ಆ ಪಾಲಿಸಿ ನಿಮ್ಮದೇ, ಬ್ರೂನೋನ ಸೊಂಟಕ್ಕೆ ದುಡ್ಡು ಕೊಡುವ ಪಾಲಿಸಿ ನಿಮಗೆ ಇನ್ನು ಮುಂದೆ ಸಿಗೋದು ಕಷ್ಟ, ಇರುವ ಒಂದನ್ನು ಕೆಲವು ನೂರು ರೂಪಾಯಿಗೋಸ್ಕರ ಕೈಬಿಡೋದು ಯಾಕೆ? ಅಲ್ಲದೆ ಈ ವರ್ಷದ ಅವಧಿಯಲ್ಲಿ ಒಂದು ಕ್ಲೇಮ್ ತೆಗೆದುಕೊಂಡಿದ್ದರೂ ಸಾಮಾನ್ಯವಾಗಿ ವಾಪಸ್ ಏನೂ ಬರುವುದಿಲ್ಲ.

ನಿಮಗೆ ಇರಬಹುದಾದ ಇನ್ನೊಂದು ಭಯವನ್ನೂ ಇಲ್ಲೇ ತೆಗೆದುಬಿಡೋಣ. ಕಂಪನಿ ನಾಳೆ ಬೆಳಿಗ್ಗೆ ಪಾಲಿಸಿ ಹರಿದುಹಾಕುವ ಹಾಗಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಮ್ಮಂಥ ಸಾಮಾನ್ಯ ಗ್ರಾಹಕರ ಪಾಲಿಸಿಯನ್ನು ಕಂಪನಿ ಮಧ್ಯದಲ್ಲಿ ರದ್ದು ಮಾಡಬೇಕಾದರೆ ಮೋಸ ಸಾಬೀತಾಗಿರಬೇಕು, ಅದಕ್ಕೂ ಕನಿಷ್ಠ 7 ದಿನದ ನೋಟಿಸ್ ಕೊಡಬೇಕು. ಈ ವ್ಯಾಪಾರ ಇನ್ನು ಬೇಡ ಅನ್ನಿಸಿತು ಅನ್ನೋದು ಅದಕ್ಕೆ ಕಾರಣ ಆಗಲ್ಲ. ಫೆಬ್ರವರಿಯ ಕೊನೆಯ ದಿನ ರಾತ್ರಿ ಬ್ರೂನೋಗೆ ಅಪಘಾತ ಆದರೂ, ಪಾಲಿಸಿ ಚಾಲ್ತಿಯಲ್ಲಿದ್ದರೆ, ಅದು ಅವರ ಹೊಣೆಯೇ. ಬಿಲ್ ಮಾರ್ಚ್‌ನಲ್ಲಿ ಕಳಿಸಿದರೂ ನಡೆಯುತ್ತದೆ. ಆದರೆ ಘಟನೆ ಆದ ಮೇಲೆ ಎಷ್ಟು ದಿನದೊಳಗೆ ತಿಳಿಸಬೇಕು ಅಂತ ಪಾಲಿಸಿಯಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ.

ಆದರೆ ರಿನ್ಯೂವಲ್ ವಿಷಯ ಬೇರೆ. ನಮ್ಮ ನಿಮ್ಮ ಆರೋಗ್ಯ ವಿಮೆಯಲ್ಲಿ ಕಂಪನಿ ಒಂದು ಪಾಲಿಸಿಯನ್ನು ಹಿಂತೆಗೆದುಕೊಂಡರೆ ಅದೇ ಕಂಪನಿಯ ಬೇರೆ ಪಾಲಿಸಿಗೆ ದಾಟಲು ಅವಕಾಶ ಕೊಡಬೇಕು, ಬೇರೆ ಕಂಪನಿಗೆ ಪೋರ್ಟ್ ಮಾಡಿಕೊಳ್ಳುವ ಹಕ್ಕೂ ಇದೆ, ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಸಿಗಲಿ ಅಂತ ಅಷ್ಟು ವರ್ಷ ಕಾದದ್ದು ಹೊಸ ಕಡೆಯೂ ಲೆಕ್ಕಕ್ಕೆ ಬರುತ್ತದೆ. ನಾಯಿ ವಿಮೆಗೆ ಇದ್ಯಾವುದೂ ಇಲ್ಲ. ಅದು ಒಂದು ವರ್ಷದ ಕರಾರು ಅಷ್ಟೆ. ವರ್ಷ ಮುಗಿದ ದಿನ ಇಬ್ಬರೂ ಸ್ವತಂತ್ರರು. ಮನೆಮಂದಿಯ ಹಾಗೆ ಸಾಕಿದ ಪ್ರಾಣಿಗೆ ಕಾಗದದ ಮೇಲೆ ಸಿಗುವ ರಕ್ಷಣೆ ಇಷ್ಟೇ ಅನ್ನೋದು ನನಗೂ ಬೇಜಾರಿನ ವಿಷಯವೇ.

ಹಾಗಾಗಿ ನಿಮಗೆ ಆದ ನಿಜವಾದ ನಷ್ಟ ಯಾವುದು ನೋಡಿ. ಕಟ್ಟಿದ ಪ್ರೀಮಿಯಂ ನೀರಿಗೆ ಹೋಗಿಲ್ಲ, ಆಯಾ ವರ್ಷದ ರಕ್ಷಣೆಗೆ ಅದು ಖರ್ಚಾಗಿದೆ. ಹೋಗುತ್ತಿರುವುದು ನಿರಂತರತೆ. ಒಂದೇ ಕಂಪನಿಯಲ್ಲಿ ಮುಂದುವರಿದಿದ್ದರೆ ಬ್ರೂನೋನ ಸೊಂಟ ಪಾಲಿಸಿ ಇದ್ದಾಗ ಬಂದ ಕಾಯಿಲೆ. ಹೊಸ ಕಂಪನಿಯ ಬಾಗಿಲು ತಟ್ಟಿದ ಕೂಡಲೇ ಅದೇ ಸೊಂಟ ‘ಮೊದಲೇ ಇದ್ದ ಕಾಯಿಲೆ’ ಆಗಿಬಿಡುತ್ತದೆ. ನಾಯಿ ಅದೇ, ನೋವು ಅದೇ, ಕಂಪನಿ ಮಾತ್ರ ಬೇರೆ. ಅದಕ್ಕೇ ಈಗ ನೀವು ಮಾಡುವ ಕೆಲಸವೆಲ್ಲ ಫೆಬ್ರವರಿಯ ಒಳಗೆ ಆಗಬೇಕು.

ಏನು ಕೆಲಸ? ಸೊಂಟಕ್ಕೆ ಸಂಬಂಧಪಟ್ಟ ಚಿಕಿತ್ಸೆ ಏನಾದರೂ ಬಾಕಿ ಇದ್ದರೆ ಮುಂದೂಡಬೇಡಿ. ಸರ್ಜರಿ ಬೇಕಾಗಬಹುದು ಅಂತ ಡಾಕ್ಟರ್ ಹೇಳಿದ್ದರೆ ಬೇಕಾ ಬೇಡವಾ ಅನ್ನೋದನ್ನು ಈಗಲೇ ತೀರ್ಮಾನಿಸಿ. ವಿಮೆ ಮುಗಿಯುತ್ತದೆ ಅಂತ ಸುಮ್ನೆ ಕತ್ತರಿ ಹಾಕಿಸಿ ಅಂತ ನಾನು ಹೇಳ್ತಿಲ್ಲ. ಎಂಟು ವರ್ಷದ ಲ್ಯಾಬ್‌ಗೆ ತೂಕ ಇಳಿಸೋದು, ನುಣುಪಾದ ಟೈಲ್ಸ್ ಮೇಲೆ ಮ್ಯಾಟ್ ಹಾಸೋದು, ನೋವಿನ ಔಷಧಿ, ಇವು ಎಷ್ಟೋ ಸಲ ಸಾಕಾಗುತ್ತವೆ. ಅದನ್ನು ಡಾಕ್ಟರ್ ಹೇಳಲಿ. ಹೇಳಿದ್ದನ್ನು ಪಾಲಿಸಿ ಇರುವಾಗಲೇ ಮಾಡಿಸಿ, ಬಿಲ್ ಹಾಕಿ. ಹಳೆಯ ಕ್ಲೇಮ್ ಯಾವುದಾದರೂ ಅರ್ಧಕ್ಕೆ ನಿಂತಿದ್ದರೆ ಅದನ್ನೂ ಈಗಲೇ ಎಬ್ಬಿಸಿ. ಕಂಪನಿಯವರು ಆ ವಿಭಾಗವನ್ನು ಮುಚ್ಚಿದ ಮೇಲೆ ಫೋನ್ ಎತ್ತುವವರನ್ನು ಹುಡುಕೋದೇ ಒಂದು ಕೆಲಸ ಆಗುತ್ತದೆ.

ಆಮೇಲೆ ಕಾಗದಪತ್ರ. ಇದುವರೆಗಿನ ಎಲ್ಲಾ ಪಾಲಿಸಿ ಪ್ರತಿ, ಕ್ಲೇಮ್ ಪತ್ರ, ಎಕ್ಸ್‌ರೇ, ರಕ್ತ ಪರೀಕ್ಷೆ, ವ್ಯಾಕ್ಸಿನ್ ಪುಸ್ತಕ, ಬಿಎಂಸಿ (ಮುಂಬೈ ಪಾಲಿಕೆ) ಕೊಟ್ಟ ನಾಯಿ ಲೈಸೆನ್ಸ್, ಮೈಕ್ರೋಚಿಪ್ ಇದ್ದರೆ ಅದರ ನಂಬರ್. ಕಂಪನಿಯ ಆ್ಯಪ್‌ನಲ್ಲಿ ಇದೆಯಲ್ಲ ಅಂತ ಬಿಡಬೇಡಿ, ಆ್ಯಪ್‌ನಿಂದ ಆ ಭಾಗ ಮಾಯ ಆಗುವ ಮೊದಲು ಡೌನ್‌ಲೋಡ್ ಮಾಡಿಕೊಳ್ಳಿ. ರೇಬೀಸ್, ಪಾರ್ವೋ, ಡಿಸ್ಟೆಂಪರ್, ಲೆಪ್ಟೋ, ಈ ಲಸಿಕೆಗಳ ತಾರೀಕು ತಪ್ಪಿದ್ದರೆ ಹಾಕಿಸಿ. ಲಸಿಕೆಯಿಂದ ತಡೆಯಬಹುದಾಗಿದ್ದ ರೋಗಕ್ಕೆ, ಲಸಿಕೆ ಹಾಕಿಸಿರದಿದ್ದರೆ, ಯಾವ ಕಂಪನಿಯೂ ದುಡ್ಡು ಕೊಡಲ್ಲ. ಮುಂಬೈ ಮಳೆಗಾಲದಲ್ಲಿ ಲೆಪ್ಟೋ ಅಂತೂ ಮರೆಯಲೇಬಾರದು, ಅದು ಮನುಷ್ಯರಿಗೂ ಅಂಟುವ ಜ್ವರ.

ಸೊಂಟ ಬಿಟ್ಟು ಉಳಿದದ್ದಕ್ಕೆ ಕೊಡ್ತೇವೆ ಅಂದವರನ್ನು ಅಷ್ಟು ಬೇಗ ಬೈಯಬೇಡಿ. ಅಪಘಾತ, ಹೊಟ್ಟೆಯಲ್ಲಿ ಚೆಂಡೋ ಕಾಲುಚೀಲವೋ ಸಿಕ್ಕಿಕೊಳ್ಳೋದು, ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್, ಗಡ್ಡೆ, ಇವೆಲ್ಲ ಇನ್ನೂ ಬರಬಹುದು ತಾನೇ? ಆದರೆ ಅವರ ಹತ್ತಿರ ನಾಲ್ಕು ವಿಷಯ ಬರವಣಿಗೆಯಲ್ಲಿ ಕೇಳಿ. ‘ಸೊಂಟ’ ಅಂದರೆ ಸೊಂಟದ ಕೀಲು ಮಾತ್ರವಾ, ಅಥವಾ ಎಲ್ಲಾ ಕೀಲು ಮೂಳೆಯೂ ಹೊರಗಾ? ಪಾಲಿಸಿ ಶುರುವಾದ ಮೇಲೆ ಕ್ಲೇಮ್ ಕೊಡದ ಕಾಯುವ ಅವಧಿ ಎಷ್ಟು ದಿನ? ಪ್ರತಿ ಬಿಲ್‌ನಲ್ಲಿ ನಮ್ಮ ಪಾಲು ಎಷ್ಟು? ಮುಂದೆ ಯಾವ ವಯಸ್ಸಿನವರೆಗೆ ರಿನ್ಯೂ ಮಾಡುತ್ತೀರಿ? ಕೊನೆಯ ಪ್ರಶ್ನೆಯೇ ಮುಖ್ಯ. ಎಂಟನೇ ವಯಸ್ಸಿಗೆ ಸೇರಿಸಿಕೊಂಡು ಹತ್ತಕ್ಕೆ ಕೈಬಿಡುವ ಪಾಲಿಸಿಯಿಂದ ನಿಮಗೇನು ಉಪಯೋಗ? ಉತ್ತರ ಸರಿ ಅನ್ನಿಸಿದರೆ ಕಾಯುವ ಅವಧಿಯನ್ನು ಲೆಕ್ಕ ಹಾಕಿ, ಹಳೆಯದು ಮುಗಿಯುವ ಒಂದೆರಡು ತಿಂಗಳು ಮೊದಲೇ ಹೊಸದನ್ನು ಶುರು ಮಾಡಿ, ಎರಡೂ ಇವೆ ಅಂತ ಇಬ್ಬರಿಗೂ ತಿಳಿಸಿ. ಆ ಎರಡು ತಿಂಗಳು ಪ್ರೀಮಿಯಂ ಎರಡು ಕಡೆ ಹೋಗುತ್ತದೆ, ಹೋಗಲಿ, ಮಧ್ಯೆ ಖಾಲಿ ದಿನ ಇರೋದಿಲ್ಲ.

ಉತ್ತರ ಸರಿ ಇಲ್ಲದಿದ್ದರೆ ವಿಮೆಯ ಆಸೆ ಬಿಟ್ಟು, ಪ್ರೀಮಿಯಂಗಿಂತ ಸ್ವಲ್ಪ ಜಾಸ್ತಿಯೇ ಇಟ್ಟು ಬ್ರೂನೋ ಹೆಸರಿಗೆ ಅಂತ ಒಂದು ಆರ್‌ಡಿ ಶುರು ಮಾಡಿ. ತಿಂಗಳಿಗೆ 1,500 ರೂಪಾಯಿ ಅಂದರೆ ವರ್ಷಕ್ಕೆ 18,000 ಆಯಿತು. ದೊಡ್ಡ ಸರ್ಜರಿಗೆ ಸಾಲದು, ಒಪ್ಪುತ್ತೇನೆ. ಆದರೆ ವಯಸ್ಸಾದ ನಾಯಿಯ ಖರ್ಚು ಒಂದೇ ಸಲ ಬರೋದಕ್ಕಿಂತ ಜಾಸ್ತಿ ತಿಂಗಳು ತಿಂಗಳು ಬರುತ್ತದೆ, ಮತ್ತು ಈ ದುಡ್ಡಿಗೆ ಯಾವ ಷರತ್ತೂ ಇಲ್ಲ. ಆಸ್ಪತ್ರೆಯ ಬಗ್ಗೆಯೂ ಈಗಲೇ ವಿಚಾರಿಸಿಟ್ಟುಕೊಳ್ಳಿ. ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ನೂರು ವರ್ಷಕ್ಕೂ ಹಳೆಯದು, ಧರ್ಮಾರ್ಥ ಸಂಸ್ಥೆ ನಡೆಸುವಂಥದ್ದು, ಪಕ್ಕದಲ್ಲೇ ವೆಟರ್ನರಿ ಕಾಲೇಜೂ ಇದೆ. ಮಹಾಲಕ್ಷ್ಮಿಯಲ್ಲಿ 2024ರ ಜುಲೈನಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ ಶುರುವಾಗಿದೆ. ಬಿಟ್ಟಿ ಅಲ್ಲ. ಆದರೂ ಮನೆ ಹತ್ತಿರದ ಕ್ಲಿನಿಕ್ ಹೇಳುವ ರೇಟ್ ಒಂದೇ ರೇಟ್ ಅಲ್ಲ ಅಂತ ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಕಂಪನಿಗಳು ಯಾಕೆ ಹೀಗೆ ಹೊರಟುಹೋಗುತ್ತವೆ ಅಂತಲೂ ಕೆಲವರು ಕೇಳುತ್ತಾರೆ. ನಮ್ಮಲ್ಲಿ ನಾಯಿಗೆ ವಿಮೆ ಮಾಡಿಸುವವರೇ ಕಡಿಮೆ, ಮಾಡಿಸುವವರಲ್ಲಿ ವರ್ಷ ವರ್ಷ ಬಿಡದೆ ಕಟ್ಟುವವರು ಹೆಚ್ಚಾಗಿ ಕಾಯಿಲೆಯ ನಾಯಿ ಇರುವವರು. ಒಂದೇ ಆಪರೇಷನ್‌ಗೆ ಬಾಂದ್ರಾದಲ್ಲಿ ಒಂದು ಬಿಲ್, ಬೊರಿವಲಿಯಲ್ಲಿ ಇನ್ನೊಂದು. ಲೆಕ್ಕ ಕೂಡುವುದಿಲ್ಲ. ಇದು ಬರೀ ನಮ್ಮ ಕಥೆಯೂ ಅಲ್ಲ. ಸಾಕುಪ್ರಾಣಿ ವಿಮೆ ಚೆನ್ನಾಗಿ ಬೇರೂರಿರುವ ಅಮೆರಿಕದಲ್ಲೇ ನೇಷನ್‌ವೈಡ್ ಕಂಪನಿ 2024ರಲ್ಲಿ ಸುಮಾರು 1 ಲಕ್ಷ ಪಾಲಿಸಿಗಳನ್ನು ಮುಂದುವರಿಸುವುದಿಲ್ಲ ಅಂತ ಹೇಳಿತು. ಪಶುವೈದ್ಯರ ಖರ್ಚು ಏರಿದ್ದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಅಲ್ಲಿಯೂ ವಯಸ್ಸಾದ ನಾಯಿ ಬೆಕ್ಕು ಇದ್ದವರಿಗೇ ಏಟು ಜಾಸ್ತಿ.

ಒಂದು ವ್ಯತ್ಯಾಸ ನೆನಪಿರಲಿ. ಕಂಪನಿಯೇ ಇನ್ನೊಂದು ಕಂಪನಿಗೆ ಸೇರಿಹೋದರೆ ಪಾಲಿಸಿಗಳೂ ಜೊತೆಗೆ ಹೋಗುತ್ತವೆ. 2021ರಲ್ಲಿ ಭಾರ್ತಿ ಆಕ್ಸಾದ ಜನರಲ್ ಇನ್ಶೂರೆನ್ಸ್ ವ್ಯವಹಾರ ಐಸಿಐಸಿಐ ಲೊಂಬಾರ್ಡ್‌ಗೆ ಸೇರಿದಾಗ ಹಾಗೇ ಆಯಿತು. ನಿಮ್ಮದು ಅಂಥದ್ದಲ್ಲ, ಕಂಪನಿ ಇದೆ, ಈ ಒಂದು ಪಾಲಿಸಿ ಮಾತ್ರ ಇಲ್ಲ. ಹಾಗಾಗಿ ದೂರು ಕೊಡಬೇಕಾದ ಜಾಗವೂ ಇದೆ. ಕ್ಲೇಮ್ ತಡ ಮಾಡಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಮೇಲ್ ಹಾಕಿ. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಅನ್ನುವ ದೂರು ಪೋರ್ಟಲ್‌ನಲ್ಲಿ ದಾಖಲಿಸಿ, 155255ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಒಂದು ತಿಂಗಳಾದರೂ ಉತ್ತರ ಇಲ್ಲ, ಅಥವಾ ಉತ್ತರ ಒಪ್ಪಿಗೆ ಇಲ್ಲ ಅಂದರೆ ಸಾಂತಾಕ್ರೂಜ್‌ನಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆಯ ತಕರಾರು ತೀರ್ಮಾನಿಸುವವರು) ಕಚೇರಿ. ಫೀಸ್ ಇಲ್ಲ, ವಕೀಲರು ಬೇಡ. ಆದರೆ ಅಲ್ಲಿಗೆ ಹೋಗಿ ‘ನನ್ನ ನಾಯಿಯ ಪಾಲಿಸಿ ಮುಂದುವರಿಸಿ’ ಅಂತ ಕೇಳಿದರೆ ಕೆಲಸ ಆಗೋದು ಕಷ್ಟ. ಪಾಲಿಸಿ ಇದ್ದಾಗಿನ ಬಾಕಿ ದುಡ್ಡಿಗೆ ಹೋಗಿ.

ಪ್ರಶ್ನೆ: ನಮ್ಮದೂ ಹೆಚ್ಚು ಕಡಿಮೆ ಅದೇ ಕಥೆ. ಪಾಲಿಸಿ ನಿಂತಿದೆ. ನಾಯಿಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ನಡೀತಿದೆ. ಪರಿಚಯದ ಏಜೆಂಟ್ ಒಬ್ಬರು ವಯಸ್ಸು ಐದು ಅಂತ ಹಾಕಿ, ಕಾಯಿಲೆ ಬರೆಯಬೇಡಿ, ಯಾರು ನೋಡ್ತಾರೆ ಅಂತಿದ್ದಾರೆ.
— ಕೊಥ್ರುಡ್, ಪುಣೆ

ಉತ್ತರ: ಪಾಲಿಸಿ ಕೊಡುವಾಗ ಯಾರೂ ನೋಡದೆ ಇರಬಹುದು. ಕ್ಲೇಮ್ ಬಂದಾಗ ಎಲ್ಲರೂ ನೋಡುತ್ತಾರೆ. ಡಾಕ್ಟರ್ ಹತ್ತಿರದ ಕೇಸ್ ಪೇಪರ್ ಕೇಳುತ್ತಾರೆ, ಇನ್ಸುಲಿನ್ ಚೀಟಿಯಲ್ಲಿ ತಾರೀಕು ಇರುತ್ತದೆ, ವ್ಯಾಕ್ಸಿನ್ ಪುಸ್ತಕದ ಮೊದಲ ಪುಟದಲ್ಲೇ ಹುಟ್ಟಿದ ದಿನ ಬರೆದಿರುತ್ತದೆ. ಆಗ ಬರೀ ಸಕ್ಕರೆ ಕಾಯಿಲೆಯ ಕ್ಲೇಮ್ ಅಲ್ಲ, ಕಾಲು ಮುರಿದದ್ದಕ್ಕೂ ದುಡ್ಡು ಸಿಗಲ್ಲ, ಯಾಕೆಂದರೆ ಪಾಲಿಸಿಯ ಬುಡವೇ ಸುಳ್ಳು. ಮೇಲೆ ಹೇಳಿದೆನಲ್ಲ, ಮೋಸ ಸಾಬೀತಾದರೆ ಕಂಪನಿ ಮಧ್ಯದಲ್ಲೇ ರದ್ದು ಮಾಡಬಹುದು ಅಂತ, ಆ ಕಾರಣವನ್ನು ನೀವೇ ಅವರ ಕೈಗೆ ಕೊಟ್ಟ ಹಾಗೆ. ಏಜೆಂಟರ ಕಮಿಷನ್ ಮಾತ್ರ ಅಷ್ಟರಲ್ಲಿ ಬಂದಿರುತ್ತದೆ. ನಿಜ ಬರೆದು ಕೊಡಿ. ಕಂಪನಿಯವರು ಬೇಡ ಅಂದರೆ ಇನ್ಸುಲಿನ್ ದುಡ್ಡಿಗೆ ವಿಮೆ ನಂಬಬೇಡಿ, ಅದು ತಿಂಗಳ ರೇಷನ್ ಲೆಕ್ಕದಲ್ಲೇ ಬರಲಿ. ಮನುಷ್ಯರಿಗೆ ಕೊಡುವ ಇನ್ಸುಲಿನ್ ಕೆಲವನ್ನು ನಾಯಿಗೂ ಬಳಸುತ್ತಾರೆ, ಖರ್ಚು ಕಡಿಮೆ ಆಗಬಹುದು. ಡಾಕ್ಟರನ್ನು ಕೇಳಿ, ನೀವಾಗಿಯೇ ಬದಲಾಯಿಸಬೇಡಿ.

ಪ್ರಶ್ನೆ: ಮಡಗಾಂವ್‌ನಲ್ಲಿ ಒಂದು ಕ್ಲಿನಿಕ್‌ಗೆ ‘ಪೆಟ್ ಹೆಲ್ತ್ ಪ್ಲಾನ್’ ಅಂತ ವರ್ಷದ ದುಡ್ಡು ಕಟ್ಟಿದ್ದೆವು. ಎರಡು ಬೆಕ್ಕುಗಳಿಗೆ. ಈಗ ಪ್ಲಾನ್ ಇಲ್ಲ ಅಂತ ಬೋರ್ಡ್ ಹಾಕಿದ್ದಾರೆ. ಒಂಬುಡ್ಸ್‌ಮನ್‌ಗೆ ಬರೆಯಬಹುದಾ?
— ಗೋವಾದ ಓದುಗರು

ಉತ್ತರ: ಬರೆದರೆ ಆಗಲ್ಲ, ಅದು ವಿಮೆಯೇ ಅಲ್ಲ. ರಸೀದಿಯಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಅದು ಕ್ಲಿನಿಕ್‌ನ ಮೆಂಬರ್‌ಶಿಪ್, ಇಂತಿಷ್ಟು ತಪಾಸಣೆ, ಇಷ್ಟು ರಿಯಾಯಿತಿ ಅಂತ ಮುಂಗಡ ಕೊಟ್ಟದ್ದು. ಹಾಗಿದ್ದರೂ ಕೊಡದ ಸೇವೆಗೆ ದುಡ್ಡು ಇಟ್ಟುಕೊಳ್ಳುವ ಹಾಗಿಲ್ಲ. ಉಳಿದ ತಿಂಗಳುಗಳ ದುಡ್ಡು ವಾಪಸ್ ಕೊಡಿ ಅಂತ ರಸೀದಿಯ ಪ್ರತಿ ಇಟ್ಟು ಪತ್ರ ಬರೆಯಿರಿ, ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗೆ ಇದ್ದರೆ ಅಲ್ಲಿ ಶುಲ್ಕವೇ ಇಲ್ಲ. ಬೋರ್ಡ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಅವರು ಅದನ್ನು ಇಳಿಸುವ ಮೊದಲು.