ತಂದೆಯ ಸಾವು, ಮೂರು ಶರಣಗಳು

ನನ್ನ ಬಳಿ ಆಪ್ತಸಲಹೆಗೆ ಬಂದವರು ಗುಳೇದಗುಡ್ಡದ ಕಡೆಯ ನೇಕಾರ ಮನೆತನದ ಮಹಿಳೆ. ವಯಸ್ಸು ನಲವತ್ತರ ಆಸುಪಾಸು, ಬಾಗಲಕೋಟೆಯಲ್ಲಿ ನೌಕರಿ. (ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ.) ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಅಲ್ಲಿಗೆ ಬಂದ ಕಾಲದಿಂದಲೂ ಅವರ ಮನೆಯವರು ಚರ್ಚಿನ ಸಭೆಯ ಸದಸ್ಯರು. ಆಕೆ ಚಿಕ್ಕಂದಿನಿಂದ ಗಾಯನ ವೃಂದದಲ್ಲಿ ಹಾಡಿದವರು.

"ಮೇಡಂ, ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರದಲ್ಲಿ ಬುದ್ಧ, ಧಮ್ಮ, ಸಂಘಕ್ಕೆ ಶರಣು ಎಂದು ಹೇಳಿಬಿಟ್ಟೆ. ಈಗ ಪ್ರಭುಭೋಜನಕ್ಕೆ ಕೈ ಚಾಚಲು ಆಗುತ್ತಿಲ್ಲ" ಎಂದು ಮಾತು ಆರಂಭಿಸಿದರು. (ಪ್ರಭುಭೋಜನವೆಂದರೆ ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ.) ಐಹೊಳೆಯ ಮೇಗುಟಿ ಗುಡ್ಡದಲ್ಲಿರುವ ಬೌದ್ಧ ಗುಡಿಯ ಮುಂದೆ ಭಾನುವಾರಗಳನ್ನು ಕಳೆಯುವುದು ಗಂಡನಿಗೂ ತಾಯಿಗೂ ಗೊತ್ತಾಗಿ ಮನೆಯಲ್ಲಿ ಮಾತು ನಿಂತಿತ್ತು.

ಧರ್ಮದ ಚರ್ಚೆಗೆ ನಾನು ತಕ್ಷಣ ಇಳಿಯಲಿಲ್ಲ. ತಂದೆಯ ಬಗ್ಗೆ ಕೇಳಿದೆ. ಕ್ಯಾನ್ಸರ್‌ ಬಂದಾಗ ಮನೆಯಲ್ಲಿ ದಿನವೂ ಪ್ರಾರ್ಥನೆ ನಡೆಯುತ್ತಿತ್ತಂತೆ. ಹೊರಗಿನಿಂದ ಬಂದ ಬೋಧಕರೊಬ್ಬರು "ಈ ಮನೆಯಲ್ಲಿ ಯಾರದೋ ವಿಶ್ವಾಸ ಕಡಿಮೆಯಿದೆ" ಎಂದರು. ತಂದೆ ತೀರಿಕೊಂಡರು. ಆ "ಯಾರದೋ" ತಾನೇ ಎಂದು ಮಗಳು ನಂಬಿದರು. ಶಿಬಿರದಲ್ಲಿ ಬಹಳ ಕಾಲದ ನಂತರ ನೆಮ್ಮದಿಯ ನಿದ್ರೆ ಬಂತು. ಆದರೆ ಹತ್ತನೆಯ ದಿನ ಮೌನ ಮುಗಿದಾಗ ಜೊತೆಯವರೊಬ್ಬರು "ನಿಮ್ಮ ತಂದೆಯದು ಹಿಂದಿನ ಕರ್ಮ" ಎಂದರಂತೆ. ಮತ್ತೆ ನಿದ್ರೆ ಹೋಯಿತು.

ನನಗೆ ಕಂಡದ್ದು ಇಷ್ಟು: ಧರ್ಮ ಬದಲಾಗಿರಲಿ, ಬಿಡಲಿ, ದೂಷಣೆ ಮಾತ್ರ ಹಾಗೇ ಉಳಿದಿತ್ತು. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಬೈಬಲ್ಲಿನ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ಅವರೇ ತೆರೆದು ಓದಿದರು. ಹುಟ್ಟುಕುರುಡನ ವಿಷಯದಲ್ಲಿ ಪಾಪ ಮಾಡಿದವರು ಯಾರು ಎಂದು ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎನ್ನುತ್ತಾನೆ ಯೇಸು. ಬೌದ್ಧ ಗ್ರಂಥವಾದ ಸಂಯುಕ್ತ ನಿಕಾಯದ ಸೀವಕ ಸುತ್ತದಲ್ಲಿ (ಸುತ್ತವೆಂದರೆ ಬುದ್ಧನ ಉಪದೇಶ) ಬುದ್ಧ ಹೇಳುವುದನ್ನು ನಾನು ತಿಳಿಸಿದೆ. ಅನುಭವಿಸುವ ನೋವೆಲ್ಲ ಹಿಂದಿನ ಕರ್ಮದ ಫಲವೆನ್ನುವುದು ತಪ್ಪು. ಪಿತ್ತ, ಕಫ, ವಾತ, ಋತುವಿನ ಏರುಪೇರು, ಪೆಟ್ಟು ಇವೂ ಕಾರಣಗಳು, ಕರ್ಮ ಅವುಗಳಲ್ಲಿ ಒಂದು ಮಾತ್ರ. ಅವರು ಬಹಳ ಹೊತ್ತು ಅತ್ತರು. ಸಾಂತ್ವನ ಹೇಳುವ ಅವಸರ ನನಗಿರಲಿಲ್ಲ.

ಸಲಹೆ ಹೆಚ್ಚೇನೂ ಕೊಡಲಿಲ್ಲ. ದುಃಖ ಹಸಿಯಾಗಿರುವಾಗ ಇನ್ನೊಂದು ದೀರ್ಘ ಶಿಬಿರ ಬೇಡ, ದೀರ್ಘ ಮೌನ ಕೆಲವರ ಕಳವಳವನ್ನು ಕೆದಕುತ್ತದೆ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಯ ಧ್ಯಾನ ಸಾಕು. ನಿದ್ರೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಪ್ರಭುಭೋಜನಕ್ಕೆ ಮನಸ್ಸು ಒಪ್ಪದಿದ್ದರೆ ಆರಾಧನೆಯಲ್ಲಿ ಕುಳಿತು, ಆ ಹೊತ್ತಿಗೆ ಮುಂದೆ ಹೋಗದಿರಬಹುದು. ಸಭಾಪಾಲಕರಿಗೆ ಮೊದಲೇ ತಿಳಿಸಿದರೆ ಊಹಾಪೋಹ ಕಡಿಮೆ. ಬೌದ್ಧಳಾಗುವ ಇಚ್ಛೆ ದುಃಖ ಇಳಿದ ಮೇಲೂ ಉಳಿದರೆ ಅದು ಅವರದೇ ದಾರಿ, ಅದಕ್ಕೆ ತಾಯಿಯ ಒಪ್ಪಿಗೆಯ ಮುದ್ರೆ ಕೇಳಬಾರದು. ತಾಯಿಗೆ ಮಗಳ ರಕ್ಷಣೆಯ ಚಿಂತೆ. ಅದನ್ನು ವಾದದಿಂದ ಗೆಲ್ಲಲಾಗದು.

ಗಂಡನ ಪ್ರಶ್ನೆ ಬೇರೆಯಿತ್ತು: ಮದುವೆ ಏನಾಗುತ್ತದೆ? ಧ್ಯಾನದಿಂದ, ಓದಿನಿಂದ ಏನೂ ಆಗದು. ವಿಧಿವತ್ತಾಗಿ ಮತಾಂತರವಾದರೂ ಮದುವೆ ತಾನಾಗಿ ಮುರಿಯುವುದಿಲ್ಲ; 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಅದು ಸಂಗಾತಿ ವಿಚ್ಛೇದನ ಕೇಳಲು ಒಂದು ಆಧಾರ, ಅಷ್ಟೇ. ವಕೀಲರಿಂದ ಖಚಿತಪಡಿಸಿಕೊಳ್ಳಿ ಎಂದೆ. "ನಾನೇಕೆ ಕೇಳಲಿ?" ಎಂದರು ಅವರು, ಸ್ವಲ್ಪ ಸಿಟ್ಟಿನಿಂದಲೇ. ಹೆಂಡತಿ ಅಂದು ಮೊದಲ ಬಾರಿ ನಕ್ಕರು.

ಮಗನ ದೃಢೀಕರಣದ, ಅಂದರೆ ಬೆಳೆದ ಮಕ್ಕಳು ಸಭೆಯ ಮುಂದೆ ತಮ್ಮ ವಿಶ್ವಾಸವನ್ನು ಖಚಿತಪಡಿಸುವ ವಿಧಿಯ ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ. ಮುಂದಿನ ಭೇಟಿಗೆ ಹುಡುಗನನ್ನೂ ಕರೆತರಲು ಹೇಳಿದ್ದೇನೆ.